ಆಂಸಾತ್ ಪದದ ಸೊನ್ನೆ

ಟಾಲಾ, ಡಬ್ಲಿನ್
10 ಮಾರ್ಚ್ 2024

ಚಿರಂಜೀವಿ ಸಿಂಚನಾಳಿಗೆ,

ನಿನ್ನ ಸೋದರಮಾವ ಸೌಖ್ಯ. ಅವನ ಎಡಮಂಡಿ ಮಾತ್ರ ಸೌಖ್ಯವಿಲ್ಲ. ಕಾರ್ಕಿನಲ್ಲಿ ನೀನು, ರಿಂಗಾಸ್ಕಿಡಿಯಲ್ಲಿ ನಿನ್ನ ಮಾತ್ರೆ ಫ್ಯಾಕ್ಟರಿ, ಎರಡೂ ಚೆನ್ನಾಗಿರಬೇಕು. ಕಾಗದ ಯಾಕೆ, ಫೋನ್ ಮಾಡಿ ಮಾವ ಎಂದು ಬೈಯುತ್ತೀಯ. ಮಾಡಿದರೆ ನಿನ್ನ ಮಾತು ನನ್ನ ಕಿವಿಗೆ ಮಿಕ್ಸಿ ತಿರುಗಿದ ಹಾಗೆ ಕೇಳುತ್ತದೆ. ನಾನು ಕಿರುಚಿದರೆ ಲುವಾಸ್ ಟ್ರ್ಯಾಮಿನಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಾರೆ. ಏಳನೇ ಕ್ಲಾಸಿನಲ್ಲಿ ಇಡೀ ಹೋಬಳಿಗೆ ದುಂಡಕ್ಷರದಲ್ಲಿ ಮೊದಲು ಬಂದ ಕೈ ಇದು. ಸುಮ್ಮನೆ ಯಾಕೆ ಕೂರಿಸಲಿ?

ಪಕ್ಕದ ಮನೆಯ ವಿಯೆಟ್ನಾಮಿನ ಮುದುಕ ವಿನ್ ನಿನಗೆ ನೆನಪಿರಬೇಕು. ನೀನು ಬಂದಾಗ ಅಕ್ಕಿಯ ಹಾಳೆಯಲ್ಲಿ ಸೊಪ್ಪು ಸುತ್ತಿ ಕೊಟ್ಟವನು. ಹರೆಯದಲ್ಲಿ ದೋಣಿ ಹತ್ತಿ ದೇಶ ಬಿಟ್ಟು ಬಂದವನು. ಆಮೇಲೆ ಜೀವಮಾನವೆಲ್ಲ ವ್ಯಾನಿನಲ್ಲಿ ನೂಡಲ್ಸ್ ಮಾರಿದ. ನಾನು ಹೋಟೆಲಿನ ತಂದೂರಿ ಒಲೆಯ ಮುಂದೆ ಬೆಂದವನು. ಇಬ್ಬರು ಅಡುಗೆಯವರು ಅಕ್ಕಪಕ್ಕದಲ್ಲಿದ್ದರೆ ಜಗಳವಾಗಬೇಕು, ಇಲ್ಲ ಸ್ನೇಹವಾಗಬೇಕು. ನಮಗೆ ಎರಡೂ ಆಗಿದೆ. ಚಳಿಗಾಲದಲ್ಲಿ ಗಂಟಲಿನ ಆಪರೇಷನ್ ಆಗಿ ಅವನ ದನಿ ಹೋಯಿತು. ಈಗ ಮೊಮ್ಮಗಳ ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಾನೆ. ಅವನು ಬರೆಯುವುದು, ನಾನು ಮಾತಾಡುವುದು. ಇಂಥ ಕೇಳುಗ ನನಗೆ ಊರಲ್ಲೂ ಸಿಕ್ಕಿರಲಿಲ್ಲ.

ಅವನು ನನ್ನನ್ನು ಕರೆಯುವುದು "ಕ್ವಾನ್" ಎಂದು. ಅಂದರೆ ಅಧಿಕಾರಿಗಳೇ, ಸಾಹೇಬರೇ ಎಂದು. ನಗಬೇಡ. ಹಿಂದೊಮ್ಮೆ ಚಹಾ ಕುಡಿಯುವಾಗ, ಊರಿನ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ನ್ಯಾಯ ತೀರಿಸುತ್ತಿದ್ದವನು ನಾನು, ಎರಡು ಹಳ್ಳಿಯವರು ನನ್ನ ಮಾತಿಗೆ ತಲೆ ಬಾಗುತ್ತಿದ್ದರು ಎಂದಿದ್ದೆ. ಅವನು ಲೋಟ ಕೆಳಗಿಟ್ಟು, ಎದ್ದು ನಿಂತು ನನ್ನ ಕೈ ಕುಲುಕಿದ. ಅವರ ದೇಶದಲ್ಲಿ ರಾಜರಿದ್ದಾಗ ಅವನ ತಾತ ಒಂದು ಪ್ರಾಂತ್ಯದ ನ್ಯಾಯಾಧಿಕಾರಿಯಾಗಿದ್ದನಂತೆ. ಆ ಹುದ್ದೆಗೆ ಆಂಸಾತ್ ಎನ್ನುತ್ತಿದ್ದರಂತೆ. ರಾಜರು ಹೋದರು, ಹುದ್ದೆ ಹೋಯಿತು, ಪದವೂ ಜನರ ಬಾಯಿಂದ ಹೋಯಿತು. ಅಮಲ್ದಾರ ಅಂದರೆ ನಮ್ಮ ಈಗಿನ ಹುಡುಗರು ಯಾವುದೋ ತಿಂಡಿ ಅಂದುಕೊಳ್ಳುವುದಿಲ್ಲವೆ, ಹಾಗೆ. ವಿನ್ ಮನೆಯ ದೇವರ ಗೂಡಿನಲ್ಲಿ ಆ ತಾತನ ಪಟವೇ ದೊಡ್ಡದು.

ವಿನ್‌ಗೆ ಒಬ್ಬಳು ಅಕ್ಕ ಇದ್ದಾಳೆ, ಮಾಯ್ ಅಂತ. ನಾನು ಮಾಯಕ್ಕ ಮಾಡಿಕೊಂಡಿದ್ದೇನೆ. ನಿಮ್ಮ ಕಾರ್ಕಿನಲ್ಲೇ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಈ ತಾತನ ವಿಷಯಕ್ಕೇ ಏನೋ ಮಾತು ಬೆಳೆದು, ಮಕ್ಕಳು ಸಣ್ಣವರಿದ್ದ ಕಾಲದಿಂದ ಇಬ್ಬರಿಗೂ ಮಾತಿಲ್ಲ. ಏನು ಮಾತು ಎಂದು ಅವನು ಬರೆಯಲಿಲ್ಲ, ನಾನು ಕೆದಕಲಿಲ್ಲ. ದನಿ ಹೋದ ಮೇಲೆ ಅವನಿಗೆ ಅಕ್ಕ ಬೇಕೆನಿಸಿದೆ. ತಿಂಗಳ ಕೊನೆಗೆ ತಾತನ ತಿಥಿ. ಬಾ ಎಂದು ಹೇಳಿಕಳಿಸಿದ್ದಾನೆ. ಬರುತ್ತೇನೆ ಅಂದಿದ್ದಾಳೆ. ಅವಳು ಹೊಸಿಲು ದಾಟುವಾಗ "ಕ್ವಾನ್ ಆಂಸಾತರ ಮೊಮ್ಮಗಳು ಮನೆಗೆ ಬಂದಳು" ಎಂದು ಅವರ ಭಾಷೆಯಲ್ಲಿ ಕೂಗಿ ಒಳಗೆ ಕರೆಯಬೇಕು, ಅವರ ತಂದೆ ಹಾಗೇ ಕರೆಯುತ್ತಿದ್ದರಂತೆ. ಅವನಿಗೆ ದನಿಯಿಲ್ಲ. ಹಲಗೆಯ ಮೇಲೆ ಬರೆದ: "ನ್ಯಾಯಾಧೀಶನ ಮನೆಯ ಮಾತು, ನ್ಯಾಯಾಧೀಶನೇ ಹೇಳಲಿ."

ಒಪ್ಪಿಕೊಂಡೆ. ಅವನ ಮೊಮ್ಮಗಳು ಆ ವಾಕ್ಯವನ್ನು ಒಂದು ಸಲ ಓದಿದಳು. ನಾನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ನಮ್ಮ ಲಿಪಿಗೆ ಬಾರದ ಶಬ್ದ ಯಾವುದಿದೆ ಹೇಳು?

ಇತಿ,
ಪಂಚಾಯ್ತಿ ಕಟ್ಟೆಯ ಮಾಜಿ ನ್ಯಾಯಾಧೀಶ,
ನಿನ್ನ ಮಾವ ಸಿದ್ದಲಿಂಗಯ್ಯ

(ಈ ನ್ಯಾಯಾಧೀಶನ ವಿಷಯ ನಿಮ್ಮಮ್ಮ ಅನಸೂಯನಿಗೆ ಹೇಳಬೇಡ. ಅವಳಿಗೆ ವಿನಾಕಾರಣ ನಗು ಜಾಸ್ತಿ.)


ಟಾಲಾ
8 ಏಪ್ರಿಲ್ 2024

ಮಗಳೇ ಸಿಂಚು,

ಗೆದ್ದೆ! ಕೂತು ಓದು, ನಿಂತು ಓದುವ ಸುದ್ದಿಯಲ್ಲ.

ತಿಥಿಯ ದಿನ ವಿನ್ ಬೆಳಗಿನಿಂದ ಹಿಂದಿನ ಅಡುಗೆಮನೆಯಲ್ಲಿ, ಹೊಗೆ ಎಳೆಯುವ ಫ್ಯಾನಿನ ಗದ್ದಲದಲ್ಲಿ; ಮೊಮ್ಮಗಳೂ ಅಲ್ಲೇ. ನನಗಾಗಿ ಮಾಂಸ ಮುಟ್ಟದ ಪಾತ್ರೆಯೊಂದನ್ನು ಬೇರೆ ಇಟ್ಟಿರುತ್ತಾನೆ, ಪುಣ್ಯಾತ್ಮ. ನಾನು ಬಿಳಿ ಪಂಚೆ ಉಟ್ಟು, ಅದರ ಮೇಲೆ ಚಳಿ ಕೋಟು ಹಾಕಿ ಬಾಗಿಲಲ್ಲಿ ನಿಂತೆ. ಎದುರು ಮನೆಯ ಬಸ್ ಡ್ರೈವರ್ ಜೆರ್ರಿ ಬೇಲಿಯಾಚೆಯಿಂದ, "ಮದುವೆ ಗಂಡಾ ಸಿದ್?" ಅಂದ. "ಜಡ್ಜ್ ಕಣಯ್ಯಾ" ಅಂದೆ. "ಗ್ರ್ಯಾಂಡ್" ಅಂದ. ಇವರಿಗೆ ಎಲ್ಲದಕ್ಕೂ ಅದೊಂದೇ ಮಾತು.

ಮಾಯಕ್ಕ ಟ್ಯಾಕ್ಸಿಯಿಂದ ಇಳಿದಳು. ಚಿಕ್ಕ ದೇಹ, ನೆಟ್ಟಗಿನ ಬೆನ್ನು, ಕಪ್ಪು ಕೋಟು. ಹೋದ ವರ್ಷ ಗಂಡ ತೀರಿಕೊಂಡಿದ್ದಾನೆ. ವಿನ್ ಆ ಮಣ್ಣಿಗೂ ಹೋಗಿರಲಿಲ್ಲವಂತೆ. ನಾನು ಅಂಗೈಯೊಳಗಿನ ಚೀಟಿ ನೋಡಿಕೊಂಡು, ಊರಲ್ಲಿ ಡಂಗುರ ಸಾರುವವರ ಹಾಗೆ ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಅವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ಹೇಳಿಸಿದ್ದು ಅವನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಅವನೇ ಅಮ್ಮಾ, ಅವನ ಮಾತೇ" ಅಂದೆ. ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು ನೋಡು, ನನಗೇ ಗಾಬರಿ. ಒಳಗೆ ಬರಲೇ ಇಲ್ಲ. ಅದೇ ಟ್ಯಾಕ್ಸಿ ಹತ್ತಿ ಹೋದಳು.

ವಿನ್ ತಟ್ಟೆ ಹಿಡಿದು ಹೊರಗೆ ಬಂದಾಗ ಬಾಗಿಲಲ್ಲಿ ನಾನೊಬ್ಬನೇ. ಅವನ ಮುಖ ನೋಡಲಾಗಲಿಲ್ಲ. "ಸಂತೋಷ ತಡೆಯಲಾಗಲಿಲ್ಲ, ಬರ್ತಾಳೆ ಬಿಡು" ಎಂದು ಬಾಯಿಗೆ ಬಂದದ್ದು ಹೇಳಿದೆ. ಹೇಳಿದ ಹಾಗೇ ಆಯಿತು! ವಾರದೊಳಗೆ ಮೊಮ್ಮಗಳ ಫೋನಿಗೆ ಸುದ್ದಿ ಬಂತು: ಭಾನುವಾರ ಬರುತ್ತೇನೆ ಎಂದು. ಬಂದಳು. ಒಂದು ಬುಟ್ಟಿ ಪೇರುಹಣ್ಣು ತಂದಳು. ತಮ್ಮನ ಕತ್ತಿನ ಬ್ಯಾಂಡೇಜು ಮುಟ್ಟಿ ನೋಡಿದಳು. ಇಬ್ಬರೂ ಎದುರುಬದುರು ಕೂತು ಹಣ್ಣು ಸುಲಿದರು. ಮಾತು ಇಲ್ಲ, ಕತೆ ಇಲ್ಲ. ಆದರೆ ಆ ಸುಮ್ಮನಿರುವುದು ಜಗಳದ್ದಲ್ಲ.

ಅವಳು ಹೋದ ಮೇಲೆ ವಿನ್ ಹಲಗೆಯಲ್ಲಿ "ನೀನೇ ನಿಜವಾದ ಕ್ವಾನ್" ಎಂದು ಬರೆದ. ಅಳಿಸಲು ನಾನು ಬಿಡಲಿಲ್ಲ.

ನೀನೂ ಓದಿ ಕಲಿ ಎಂದು ಆ ವಾಕ್ಯ ಇಲ್ಲಿ ಬರೆದಿದ್ದೇನೆ: "ಚಾವ್ ಕ್ವಾನ್ ಆಂಸಾತ್ ದಾ ವೆ." ನಿನ್ನ ಫ್ಯಾಕ್ಟರಿಯಲ್ಲಿ ಒಬ್ಬಳು ವಿಯೆಟ್ನಾಮಿನ ಹುಡುಗಿ ಇದ್ದಾಳೆ ಅಂದಿದ್ದೆಯಲ್ಲ, ಅವಳ ಮುಂದೆ ಓದಿ ತೋರಿಸು. ನಿನ್ನ ಮಾವ ಎಂಥವನು ಎಂದು ಅವಳಿಗೂ ತಿಳಿಯಲಿ.

ನ್ಯಾಯಾಧೀಶ (ಈಗ ಮಾಜಿ ಅಲ್ಲ)
ಸಿದ್ದಲಿಂಗಯ್ಯ


ಕಾರ್ಕ್
21 ಏಪ್ರಿಲ್ 2024

ಮಾವನಿಗೆ ಸಿಂಚನಾಳ ನಮಸ್ಕಾರ.

ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ನೀವು "ಏನಂದೆ? ಏನಂದೆ?" ಅಂತಲೇ ಇದ್ರಿ. ಅದಕ್ಕೆ ಬರೆಯುತ್ತಿದ್ದೇನೆ.

ಕ್ಯಾಂಟೀನಿನಲ್ಲಿ ಆ ವಿಯೆಟ್ನಾಮಿನ ಹುಡುಗಿ ಲಿನ್‌ಗೆ ನಿಮ್ಮ ವಾಕ್ಯ ಓದಿ ಹೇಳಿದೆ. ಮೊದಲು ಜೋರಾಗಿ ನಕ್ಕಳು. ಆಮೇಲೆ, ಇದನ್ನು ಯಾರು ಯಾರಿಗೆ ಹೇಳಿದ್ದು ಎಂದು ಕೇಳಿದಳು. ನಡೆದದ್ದು ಹೇಳಿದೆ. ಅವಳ ನಗು ನಿಂತುಹೋಯಿತು.

ಮಾವ, ಅದು "ಆನ್ ಸಾತ್". ನಾಲಿಗೆ ಹಲ್ಲಿನ ಹಿಂದೆ ತಾಗಬೇಕು. ಹಳೆಯ ಕಾಲದ ನ್ಯಾಯಾಧಿಕಾರಿ. ಲಿನ್‌ಗೂ ಆ ಪದ ಇತಿಹಾಸದ ಪಾಠದಲ್ಲಿ ನೋಡಿದ ನೆನಪಷ್ಟೆ. ತುಟಿ ಮುಚ್ಚಿ "ಆಮ್ ಸಾತ್" ಅಂದರೆ ಬೇರೆಯೇ ಮಾತು. ಹೊಂಚುಹಾಕಿ ಕೊಲೆ ಮಾಡುವುದು. ಅದು ಇವತ್ತಿಗೂ ಎಲ್ಲರಿಗೂ ಗೊತ್ತು.

ನೀವು ನಡುವೆ ಸೊನ್ನೆ ಹಾಕಿ ಬರೆದಿದ್ದೀರಿ. ಬರೆಯುವಾಗ ಸರಿಯೇ ಅನಿಸಿರುತ್ತೆ. ಓದುವಾಗ? "ಸಂಸಾರ" ಓದಿ ನೋಡಿ. "ಮಾಂಸ" ಓದಿ. "ಹಿಂಸೆ" ಓದಿ. ಸಕಾರಕ್ಕಿಂತ ಮೊದಲು ಬಂದ ಸೊನ್ನೆಗೆ ನಮ್ಮ ಬಾಯಿ ತಾನಾಗೇ ಮುಚ್ಚಿಕೊಳ್ಳುತ್ತೆ. ನಾನೂ ಹಾಗೇ ಓದಿದೆ.

ಆ ಮೆಟ್ಟಿಲ ಮೇಲೆ ನೀವು ಕೂಗಿದ್ದು "ಕೊಲೆಗಾರ ಅಧಿಕಾರಿಯ ಮೊಮ್ಮಗಳು ಬಂದಳು" ಅಂತ.

ಅವರು ಯಾಕೆ ವಾಪಸ್ ಬಂದರು ಅನ್ನೋದು ನನಗೆ ಅರ್ಥವಾಗುತ್ತಿಲ್ಲ. ನೀವು ವಿನ್ ಅವರಿಗೆ ಹೇಳಿಬಿಡಿ.

ನಿಮ್ಮ
ಸಿಂಚನಾ


ಟಾಲಾ
19 ಮೇ 2024

ಸಿಂಚನಾ,

ತಡವಾಯಿತು. ಮಂಡಿ ನೋವಿತ್ತು. ಕೈಗೆ ಮಂಡಿಗೆ ಏನು ಸಂಬಂಧ ಎಂದು ಕೇಳಬೇಡ.

ತಪ್ಪು ನನ್ನದಲ್ಲ, ಮೊದಲು ಅದನ್ನು ತಿಳಿದುಕೋ. ವಿನ್ ಮೊಮ್ಮಗಳು ಐರಿಷ್ ಮೂಗಿನಲ್ಲಿ ಓದಿದಳು. ನನಗೆ ಕೇಳಿದ್ದಷ್ಟು ಬರೆದೆ. ಸೊನ್ನೆ ನಾನು ಕಂಡುಹಿಡಿದದ್ದೇ? ಮೇಷ್ಟ್ರು ಕಲಿಸಿದ್ದು. ಇಲ್ಲಿಯವರೆಗೆ ಸೊನ್ನೆಯಿಂದ ಯಾರಿಗೂ ಅಪಾಯವಾಗಿದ್ದು ನಾನು ಕಾಣೆ.

ಹೇಳಿಬಿಡಿ ಅನ್ನುವುದು ಸುಲಭ. ಇಲ್ಲಿ ಬಂದು ನೋಡು. ಮಾಯಕ್ಕ ಎರಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾಳೆ. ತಮ್ಮನ ಅಂಗಿಯ ಕಾಲರು ಬಿಚ್ಚಿ ಕತ್ತಿಗೆ ತಾಗದ ಹಾಗೆ ಹೊಲಿದು ಕೊಟ್ಟಿದ್ದಾಳೆ. ನನ್ನ ಕೋಟಿನ ಗುಂಡಿ ಕೂಡ. ಅವನು ಅವಳಿಗೆ ಗಂಜಿ ಮಾಡುತ್ತಾನೆ, ಉಪ್ಪು ಜಾಸ್ತಿ ಎಂದು ಅವಳು ಮೂತಿ ತಿರುವುತ್ತಾಳೆ, ಅವನು ಹಲಗೆಯಲ್ಲಿ ಏನೋ ಬೈಗುಳ ಬರೆಯುತ್ತಾನೆ, ಅವಳು ಸೆರಗಿಲ್ಲದಿದ್ದರೂ ಸೆರಗಿನಲ್ಲಿ ಮುಚ್ಚಿಕೊಂಡ ಹಾಗೆ ನಗುತ್ತಾಳೆ. ನನ್ನ ಪಾತ್ರೆ ನನಗೆ ಬೇರೆ. ಈ ಮೇಜಿನ ಮೇಲೆ ನಾನು ಆ ಮಾತು ಇಡಬೇಕೇ? ಯಾವುದಕ್ಕೋ ಬಂದಳು, ಬಂದಳಲ್ಲ. ಆದದ್ದು ಒಳ್ಳೆಯದೇ ಆಯಿತು.

ಹೋದ ಭಾನುವಾರ ಮಾತ್ರ ಗಂಜಿಯ ಬಟ್ಟಲು ಪಕ್ಕಕ್ಕೆ ತಳ್ಳಿದೆ. ತಿನ್ನದೇ ಎದ್ದೆ. ವಿನ್ ಹಲಗೆ ಹಿಡಿದ: "ಕ್ವಾನ್‌ಗೆ ಏನಾಗಿದೆ?" ಗ್ಯಾಸು ಅಂದೆ.

ಈ ಕಾಗದ ಹರಿದುಹಾಕು.

ಮಾವ


ಕಾರ್ಕ್
16 ಜೂನ್ 2024

ಮಾವ,

ನಾನು ಮಾಯ್ ಅವರ ಅಂಗಡಿಗೆ ಹೋಗಿದ್ದೆ. ಪ್ಯಾಂಟಿನ ಉದ್ದ ಕಮ್ಮಿ ಮಾಡಿಸುವ ನೆಪ. ಸಿದ್ದಲಿಂಗಯ್ಯನವರ ಸೋದರಸೊಸೆ ಅಂದ ಕೂಡಲೇ ಕುರ್ಚಿ ಹಾಕಿ, ಚಹಾ ಕೊಟ್ಟು, ಹಣ ಬೇಡ ಅಂದರು. "ನಿನ್ನ ಅಂಕಲ್ ಬಾಯಿಂದ ನನ್ನ ತಮ್ಮ ಆ ಮಾತು ಹೇಳಿಸಿದ" ಅಂದರು. ನಿಮ್ಮಿಬ್ಬರ ನಡುವೆ ಏನಾಗಿತ್ತು ಅಂತ ಕೇಳಿದೆ.

ಅವರ ಗಂಡನ ತಾತ ಒಬ್ಬ ಶಾಲಾ ಮೇಷ್ಟ್ರಂತೆ. ಬಂಡುಕೋರರನ್ನು ಮನೆಯಲ್ಲಿ ಬಚ್ಚಿಟ್ಟ ಎಂಬ ದೂರಿನ ಮೇಲೆ ಅವರನ್ನು ಹಿಡಿದು ತಂದರು. ತೀರ್ಪು ಕೊಟ್ಟವರು ಮಾಯ್ ಅವರ ತಾತ, ಆ ಪಟದಲ್ಲಿರುವವರು. ಮೇಷ್ಟ್ರು ಜೈಲಿನಲ್ಲೇ ಸತ್ತರು. ಬಚ್ಚಿಟ್ಟಿದ್ದು ಬೇರೆ ಮನೆಯವರು ಅಂತ ಆಮೇಲೆ ಊರಿಗೆಲ್ಲ ಗೊತ್ತಾಯಿತು, ತಾತನಿಗೂ ಗೊತ್ತಾಯಿತು. ಅವರು ಒಂದು ಮಾತೂ ಆಡಲಿಲ್ಲ. ಇದನ್ನು ಮಾಯ್ ಮದುವೆಯಾದ ಮೇಲೆ ಗಂಡನಿಂದ ತಿಳಿದರು. ಒಂದು ತಿಥಿಯ ದಿನ ಪಟದ ಮುಂದೆ ನಿಂತು, ಇವರು ನ್ಯಾಯಾಧೀಶರಲ್ಲ ಕೊಲೆಗಾರರು, ಪಟ ಇಳಿಸು ಅಂದರಂತೆ. ವಿನ್ ಆಗ ಅಕ್ಕನನ್ನೂ ಭಾವನನ್ನೂ ಮನೆಯಿಂದ ಹೊರಗೆ ಹಾಕಿದರಂತೆ.

"ನಾನು ಎಷ್ಟು ವರ್ಷ ಆ ಒಂದು ಮಾತಿಗೆ ಕಾದೆ ಗೊತ್ತಾ ಹುಡುಗಿ? ಅವನು ಬಾಗಿಲಲ್ಲೇ ಹೇಳಿಸಿದ, ಬೀದಿಗೆಲ್ಲ ಕೇಳೋ ಹಾಗೆ. ಮನೆಗೆ ಬಂದು ನನ್ನ ಗಂಡನ ಪಟದ ಮುಂದೆ ಕೂತು ಹೇಳಿದೆ, ವಿನ್ ಒಪ್ಪಿಕೊಂಡ ಅಂತ."

ಇದು ಅವರು ಹೇಳಿದ ಮಾತು ಮಾವ, ನಾನು ಒಂದಕ್ಷರ ಸೇರಿಸಿಲ್ಲ. ಈ ಬೇಸಿಗೆ ಕಳೆದ ಮೇಲೆ ಗಂಡನ ಪಟ ತಂದು ತಾತನ ಪಕ್ಕ ಇಡಬೇಕು ಅಂತಿದ್ದಾರೆ.

ನಿಜ ಹೇಳದೆ ಎದ್ದು ಬಂದೆ. ನೀವು ಕೂಗಿದ್ದು, ನೀವೇ ಹೇಳಬೇಕು.

ಪ್ಯಾಂಟು ಚೆನ್ನಾಗಿ ಹೊಲಿದಿದ್ದಾರೆ. ಹಾಕಿಕೊಳ್ಳಲು ಮನಸ್ಸಾಗುತ್ತಿಲ್ಲ.

ಸಿಂಚನಾ


ಟಾಲಾ
25 ಆಗಸ್ಟ್ 2024

ಸಿಂಚು,

ನಿನ್ನ ಕಾಗದಕ್ಕೆ ಉತ್ತರ ಬರೆದು ಬರೆದು ಹರಿದೆ. ಕೋಪ ಮಾಡಿಕೊಳ್ಳಬೇಡ.

ವಿನ್ ಮತ್ತೆ ಆಸ್ಪತ್ರೆಗೆ ಹೋಗಿ ಬಂದ. ಅವನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾಗ ಹಲಗೆ ತೆಗೆದು ಬರೆದ: "ಕ್ವಾನ್, ನೀನು ತೀರ್ಪು ಕೊಟ್ಟು ಆಮೇಲೆ ತಪ್ಪು ಅಂತ ಗೊತ್ತಾದರೆ ಏನು ಮಾಡುತ್ತಿದ್ದೆ?"

ನೋಡು, ಅವನಿಗೆ ಗೊತ್ತಿದೆ. ನನ್ನದಲ್ಲ, ತಾತನದು. ಇಷ್ಟು ದಿನವೂ ಗೊತ್ತಿತ್ತು ಅನಿಸುತ್ತದೆ. ಆದರೆ ಒಪ್ಪಿಕೊಂಡವನು ಅವನಲ್ಲ. ಅವನ ಹೆಸರಿನಲ್ಲಿ ಒಪ್ಪಿಕೊಂಡವನು ನಾನು. ಅಂಥ ತಪ್ಪು ತೀರ್ಪು ನನ್ನ ಬಾಯಿಂದ ಬಂದೇ ಇಲ್ಲ ಎಂದು ಜಂಬ ಕೊಚ್ಚಿದೆ. ಆಸ್ಪತ್ರೆಯಲ್ಲೂ.

ಪಂಚಾಯ್ತಿ ಕಟ್ಟೆಯ ಮೇಲೆ ನಾನು ಕೂತವನಲ್ಲ. ಕಟ್ಟೆಯ ಕೆಳಗೆ ನಿಂತು ದೊಡ್ಡವರಿಗೆ ಎಲೆಅಡಿಕೆ ತಟ್ಟೆ ಹಿಡಿಯುತ್ತಿದ್ದೆ. ನಿಮ್ಮಮ್ಮನಿಗೆ ಗೊತ್ತು. ಅದಕ್ಕೇ ಹೇಳಬೇಡ ಅಂದಿದ್ದು.

ಈಗ ಅವನು ಕ್ವಾನ್ ಎಂದು ಬರೆದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಮಾವ


ಕಾರ್ಕ್
1 ಸೆಪ್ಟೆಂಬರ್ 2024

ಮಾವ,

ಅಮ್ಮನನ್ನು ಕೇಳಿದೆ. ನಗಲಿಲ್ಲ. "ಅಣ್ಣ ತಟ್ಟೆ ಹಿಡಿದಿದ್ದರೂ, ಸುಳ್ಳು ಸಾಕ್ಷಿ ಹೇಳೋರಿಗೆ ಎಲೆ ಕೊಡ್ತಿರಲಿಲ್ಲ, ಮುಂದಕ್ಕೆ ಹೋಗ್ತಿದ್ದ" ಅಂದರು.

ಲಿನ್ ಹತ್ತಿರ ಎರಡೂ ಪದ ದೊಡ್ಡ ಅಕ್ಷರದಲ್ಲಿ ಬರೆಸಿ ಇದರ ಜೊತೆ ಇಟ್ಟಿದ್ದೇನೆ. ಮೇಲಿನದು ನ್ಯಾಯಾಧಿಕಾರಿ. ಕೆಳಗಿನದು ಇನ್ನೊಂದು. ನೋಡಿ ಕಲಿಯಿರಿ.

ಸಿಂಚನಾ


ಟಾಲಾ
13 ಅಕ್ಟೋಬರ್ 2024

ಮಗಳೇ,

ಇವತ್ತೇ ಬರೆಯದಿದ್ದರೆ ನಾಳೆಗೆ ನಾನು ಇದನ್ನು ನನಗೆ ಅನುಕೂಲವಾಗುವ ಹಾಗೆ ತಿದ್ದಿಬಿಡುತ್ತೇನೆ. ನನ್ನ ಬಾಯಿ ನಿನಗೆ ಗೊತ್ತು.

ಮಧ್ಯಾಹ್ನ ಮಾಯಕ್ಕ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಪಟ. ಸೀದಾ ದೇವರ ಗೂಡಿಗೆ ಹೋಗಿ, ಬಟ್ಟೆ ಬಿಚ್ಚಿ, ಗಂಡನನ್ನು ತಾತನ ಪಕ್ಕ ಇಟ್ಟಳು. ವಿನ್ ಗಂಜಿಯ ಚಮಚ ಹಿಡಿದುಕೊಂಡೇ ಎದ್ದ. ಹಲಗೆಯಲ್ಲಿ ಏನೋ ಗೀಚಿದ. ಯಾಕೆ ಎಂದಿರಬೇಕು. ಅವಳು ನನಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಹೇಳಿದಳು: "ನೀನು ಬಾಗಿಲಲ್ಲಿ ಹೇಳಿಸಿದೆಯಲ್ಲ. ಇನ್ನು ಇಬ್ಬರೂ ಒಟ್ಟಿಗೆ ಇರಬಹುದು."

ವಿನ್ ನನ್ನ ಕಡೆ ತಿರುಗಿದ. ಏನು ಹೇಳಿದೆ ಎನ್ನುವ ಹಾಗೆ ಗಲ್ಲ ಎತ್ತಿದ.

"ಅವತ್ತಿನ ಹಾಗೇ ಹೇಳಿ ಸಿದ್, ಇನ್ನೊಂದು ಸಲ ಕೇಳಬೇಕು" ಅಂದಳು ಅವಳು.

ಸಿಂಚು, ಅವನಿಗೆ ಕಿವಿ ಚೆನ್ನಾಗಿದೆ, ಹೋಗಿರುವುದು ದನಿ ಮಾತ್ರ. ಮುಂಚಿನ ಹಾಗೆ ತುಟಿ ಮುಚ್ಚಿದರೆ ಅಕ್ಕ ಉಳಿಯುತ್ತಾಳೆ, ತಮ್ಮನಿಗೆ ನನ್ನ ಬಂಡವಾಳ ಗೊತ್ತಾಗುತ್ತದೆ. ತುಟಿ ತೆರೆದರೆ ಅವಳು ಇಷ್ಟು ತಿಂಗಳು ಒಂದು ಸೊನ್ನೆಯ ಮೇಲೆ ಕೂತಿದ್ದಳೆಂದು ತಿಳಿಯುತ್ತದೆ. ನಡುವೆ ಕೆಮ್ಮಿಬಿಡಲೇ ಎಂದೂ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಕೆಮ್ಮು ಗಂಟಲಿನವರೆಗೆ ಬಂದಿತ್ತು.

ನಾಲಿಗೆಯನ್ನು ಹಲ್ಲಿನ ಹಿಂದಿಟ್ಟು ಹೇಳಿದೆ. ಆನ್. ಸಾತ್.

"ಅಮ್ಮಾ, ಅವನು ಹೇಳಿಕೊಟ್ಟಿದ್ದು ಇದು. ನಾನು ತಪ್ಪು ಓದಿ ಇನ್ನೊಂದು ಕೂಗಿದೆ. ವಸಂತಕಾಲದಲ್ಲೇ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ನಿಮ್ಮ ಗಂಜಿ ಕುಡಿದೆ. ಇವನಿಗೇನೂ ಗೊತ್ತಿಲ್ಲ. ನಾನು ನ್ಯಾಯಾಧೀಶನೂ ಅಲ್ಲ, ಅದೂ ಸುಳ್ಳು." ನನ್ನ ಹೋಟೆಲ್ ಇಂಗ್ಲಿಷಿನಲ್ಲಿ ಇಷ್ಟನ್ನೂ ಹೇಳಿದೆ. ಒಂದು ಮಾತೂ ಹೆಚ್ಚು ಮಾಡಲಿಲ್ಲ, ಕಮ್ಮಿ ಮಾಡಲಿಲ್ಲ.

ಮಾಯಕ್ಕ ಅಳಲಿಲ್ಲ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಗಂಡನ ಪಟ ಕೈಗೆತ್ತಿಕೊಂಡು ಬಟ್ಟೆ ಸುತ್ತತೊಡಗಿದಳು. ಒಂದು ಮಡಿಕೆ, ಇನ್ನೊಂದು ಮಡಿಕೆ. ಅಂಗಡಿಯಲ್ಲಿ ಗಿರಾಕಿಯ ಬಟ್ಟೆ ಮಡಿಸುವ ಹಾಗೆ ಅಚ್ಚುಕಟ್ಟಾಗಿ. "ನಾನು ಅವರಿಗೆ ಹೇಳಿಬಿಟ್ಟಿದ್ದೆ" ಅಂದಳು, ಪಟ ನೋಡುತ್ತಾ. ಕೋಟು ತೊಟ್ಟುಕೊಂಡಳು.

ವಿನ್ ಮೇಜು ತಟ್ಟಿದ. ಅವಳು ತಿರುಗಲಿಲ್ಲ. ಮತ್ತೆ ತಟ್ಟಿದ, ಬಟ್ಟಲು ಉರುಳಿತು, ಗಂಜಿ ನನ್ನ ಪಂಚೆಯ ಮೇಲೆಲ್ಲ ಚೆಲ್ಲಿತು. ಆಗ ತಿರುಗಿದಳು.

ಅವನು ಹಲಗೆ ಒರೆಸಿ ಒಂದು ಪದ ಬರೆದ. ನಿನ್ನ ಲಿನ್ ಬರೆದುಕೊಟ್ಟದ್ದು ನೋಡಿ ನೋಡಿ ನನಗೆ ಆ ಅಕ್ಷರ ಪರಿಚಯವಾಗಿತ್ತು. ಅವಳ ಚೀಟಿಯಲ್ಲಿ ಮೇಲಿದ್ದದ್ದೇ ಇದು, ತಾತನ ಹುದ್ದೆ. ಹಲಗೆಯನ್ನು ಎದೆಗೆ ಆನಿಸಿ ಅವಳ ಕಡೆ ಹಿಡಿದ. ಅವಳು ನೋಡಿ, ನನಗೆ ಗೊತ್ತು ಎನ್ನುವ ಹಾಗೆ ತಲೆಯಾಡಿಸಿ ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು.

ಆಗ ಅವನು ಹಲಗೆಯನ್ನು ತನ್ನ ಕಡೆ ತಿರುಗಿಸಿಕೊಂಡ. ತಾತನ ಪಟವನ್ನು ಒಂದು ಸಲ ನೋಡಿದ. ಅವರ ಭಾಷೆ ಬರೆಯುವುದೂ ಇಂಗ್ಲಿಷ್ ಅಕ್ಷರದಲ್ಲೇ. ಇಂಗ್ಲಿಷಿನ ಎನ್ ಅಕ್ಷರ ನಿನಗೆ ಗೊತ್ತಲ್ಲ, ಎರಡು ಕಾಲಿನದು. ಅದಕ್ಕೆ ಇನ್ನೊಂದು ಕಾಲು ಎಳೆದ. ಎಮ್ ಆಯಿತು. ಅಷ್ಟೇ. ಹಲಗೆಯನ್ನು ಮತ್ತೆ ಅವಳ ಕಡೆ ತಿರುಗಿಸಿ ಹಿಡಿದುಕೊಂಡು ನಿಂತ.

ಅವಳು ಓದಿದಳು. ಚಿಲಕ ಬಿಟ್ಟಳು. ಕೋಟು ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತಳು, ಪಟ ತೊಡೆಯ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆಯ ಒಂದು ಮಡಿಕೆ ಬಿಚ್ಚಿದಳು.

ನಾನು ಅಡುಗೆಮನೆಗೆ ಹೋದೆ. ನೆಲ ಒರೆಸುವ ಬಟ್ಟೆ ತರಲು ಹೋದೆ ಎಂದು ನಿನಗೆ ಹೇಳಬಹುದಿತ್ತು. ಅಡಗಿಕೊಳ್ಳಲು ಹೋದೆ.

ಆ ಕಾಲನ್ನು ಅವನು ನಿಜಕ್ಕಾಗಿ ಎಳೆದನೋ, ಅಕ್ಕ ಹೊರಟಳೆಂದು ಎಳೆದನೋ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಕೇಳುವ ಅಧಿಕಾರ ನನಗಿಲ್ಲ. ನಾನು ಸೊನ್ನೆ ಹಾಕಿರದಿದ್ದರೆ ಅವನು ಆ ಜಾಗಕ್ಕೆ ಬರುತ್ತಿದ್ದನೇ ಎಂದು ಒಳಗಿನ ಜಂಬಗಾರ ಆಗಲೇ ಪಿಸುಗುಟ್ಟುತ್ತಿದ್ದಾನೆ. ಅವನ ಬಾಯಿ ಮುಚ್ಚಿಸಿದ್ದೇನೆ. ಆ ಮುಖ, ಪಟಕ್ಕೆ ಬಟ್ಟೆ ಸುತ್ತುವಾಗಿನ ಆ ಮುಖ ನಾನು ನೋಡಿದ್ದೇನೆ ಮಗಳೇ.

ಸಂಜೆ ಹೊರಡುವಾಗ ವಿನ್ ಹಲಗೆಯಲ್ಲಿ ನನಗೆ ಒಂದು ಸಾಲು ಬರೆದ. "ಭಾನುವಾರ ಬೇಗ ಬಾ, ಪಾತ್ರೆ ತೊಳೆಯುವುದಿದೆ." ಮುಂದೆ ಕ್ವಾನ್ ಎಂದು ಬರೆದಿರಲಿಲ್ಲ. ಬರೆದಿರಲಿಲ್ಲವಲ್ಲ ಎಂದು ಬಾಗಿಲಲ್ಲಿ ಎರಡು ಸಲ ನೋಡಿಕೊಂಡೆ.

ಇತಿ,
ನಿನ್ನ ಮಾವ,
ಅಡುಗೆಯ ಸಿದ್ದಲಿಂಗಯ್ಯ